ಕಾಳಿಯ ಬಳಚು, ಬಂಗಾಳದ ಗಾಳಿ

ನೀರು ಇಳಿದಾಗ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ಅಳಿವೆಯಲ್ಲಿ, ಹೆಂಗಸರು ಮೊಣಕಾಲುದ್ದದ ನೀರಿಗಿಳಿದು ಮರಳು ಕೆದಕಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಕೊಂಕಣಿಗರ ಬಾಯಲ್ಲಿ ಅದು ತಿಸ್ರೆ. ಮಳೆಗಾಲದಲ್ಲಿ ಕಾಳಿ ಸಿಹಿನೀರು ತುಂಬಿ ಹರಿದಾಗ ಉಪ್ಪಿಲ್ಲದೆ ಎಷ್ಟೋ ಚಿಪ್ಪುಗಳು ಸಾಯುತ್ತವೆ. ಮಳೆ ನಿಂತ ಮೇಲೆ ಅದೇ ಮರಳಲ್ಲಿ ಅಕ್ಕಿಕಾಳಿನಷ್ಟು ಮರಿಗಳು. ಈ ಬೀಜ ಎಲ್ಲಿಯದು?

ಚಿಪ್ಪುಜೀವಿಗಳ ಲಾರ್ವಾ ನೆಲ ಹಿಡಿಯುವ ಮುನ್ನ ಎರಡು-ಮೂರು ವಾರ ತೇಲುತ್ತದೆ. ನೀರು ಸೆಕೆಂಡಿಗೆ 10 ಸೆಂ.ಮೀ. ಸರಿದರೂ ಹದಿನೈದು ದಿನಕ್ಕೆ ಸುಮಾರು 130 ಕಿ.ಮೀ. ಆಯಿತು, ಕಾರವಾರದಿಂದ ಹೊರಟ ಲಾರ್ವಾ ಭಟ್ಕಳ ದಾಟೀತು. ಹಾಗಾಗಿ ಮೊದಲು ನೀರಿನ ದಾರಿ ತಿಳಿಯಬೇಕಿತ್ತು.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸತೀಶ್ ಶೆಟ್ಯೆ ಮತ್ತು ಸಂಗಡಿಗರು ಹಡಗಿನಲ್ಲಿ ಅಳೆದು, 1990-91ರಲ್ಲಿ ಅದನ್ನು ಬಿಡಿಸಿಟ್ಟರು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ತೆಂಕಣಕ್ಕೆ, ಚಳಿಗಾಲದಲ್ಲಿ ಬಡಗಣಕ್ಕೆ. ಚಳಿಗಾಲದ ಗಾಳಿ ಬಡಗಣದಿಂದಲೇ ಬೀಸಿದರೂ ನೀರು ಅದಕ್ಕೆ ಎದುರಾಗಿ ಹೋಗುತ್ತದೆ! 1993ರಲ್ಲಿ ಜೂಲಿಯನ್ ಮೆಕ್ರೀರಿ ಮತ್ತು ಜೊತೆಗಾರರ ಗಣಿತ ಮಾದರಿ ಇದರ ಗುಟ್ಟು ತೋರಿಸಿತು: ಬಂಗಾಳ ಕೊಲ್ಲಿಯ ಗಾಳಿ ಎಬ್ಬಿಸಿದ ಅಲೆಯಂಥ ಏರಿಳಿತ ದಡ ಹಿಡಿದು, ಭಾರತದ ತುದಿ ಬಳಸಿ ಇತ್ತ ಬರುತ್ತದೆ. ಕೋಡಿಬಾಗದ ನೀರು ಅಷ್ಟು ದೂರದ ಮಾತು ಕೇಳುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಮುಂದಿನ ಹೆಜ್ಜೆ, ಈ ಪ್ರವಾಹದಲ್ಲಿ ಕಂಪ್ಯೂಟರಿನೊಳಗೇ ಸಾವಿರಾರು ಚುಕ್ಕೆಗಳನ್ನು ತೇಲಿಬಿಡುವುದು. ಆದರೆ ಲಾರ್ವಾ ಬರೀ ಚುಕ್ಕೆಯಲ್ಲ. ಮೇಲೆ-ಕೆಳಗೆ ಈಜಿ ಬೇರೆ ಬೇರೆ ಪದರದ ಹರಿವು ಹಿಡಿಯುತ್ತದೆ. ತೇಲುವುದು ಲಾರ್ವಾ ಮಾತ್ರವೂ ಅಲ್ಲ: ಗಾಳಿಗುಳ್ಳೆಗಳಿರುವ ಸರ್ಗಾಸಮ್ ಪಾಚಿ ಕಲ್ಲಿನಿಂದ ಕಿತ್ತರೆ ಮೇಲೆಯೇ ತೇಲುತ್ತದೆ, ಗಾಳಿಯೂ ಅದನ್ನು ತಳ್ಳುತ್ತದೆ. ಇದೇ ಬಗೆಯ ಲೆಕ್ಕದಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ 2016ರಲ್ಲಿ 'ಸರತ್' ಎಂಬ ಸಾಧನ ತಂದಿತು. ಕಡಲಲ್ಲಿ ಕಾಣೆಯಾದವರನ್ನು ಎಲ್ಲಿ ಹುಡುಕಬೇಕೆಂದು ಅದು ಹೇಳುತ್ತದೆ. ಮೀನುಗಾರರ ಮನೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೇ?

ಅಳಿವೆಯ ಬಾಯಿ ಮಾತ್ರ ಕಷ್ಟದ ಜಾಗ. ಉಬ್ಬರ, ಇಳಿತ, ಕಾಳಿಯ ಸಿಹಿನೀರು, ಕೂರ್ಮಗಡ, ದೇವಗಡ ದ್ವೀಪಗಳ ಮರೆ, ಅಂಜದೀವ ದ್ವೀಪವನ್ನು ದಡಕ್ಕೆ ಕೂಡಿಸಿದ ಅಲೆ ತಡೆಗೋಡೆ – ಒಂದನ್ನು ಬಿಟ್ಟರೂ ಚುಕ್ಕೆ ದಾರಿ ತಪ್ಪುತ್ತದೆ. ಅದಕ್ಕೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲೇ ಇರುವುದು ನನಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಮಾದರಿ ಹೇಳಿದ ದಿನ ಹೇಳಿದ ಕಡೆ ಲಾರ್ವಾ ಬಂತೇ ಎಂದು ನೋಡಲು ಯಾರಾದರೂ ನೀರಿಗೆ ಹಗ್ಗ ಇಳಿಬಿಡಬೇಕು. ಕೆಲವು ದಿನ ಬಿಟ್ಟು ಎತ್ತಿ, ಎಳೆಗಳ ನಡುವೆ ಕಚ್ಚಿಕೊಂಡ ಮರಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದಾಗಿ ಎಣಿಸಬೇಕು.