ಥೈರಾಯ್ಡ್ ಮಾತ್ರೆ: ದಿನಾ ಒಂದಾ, ಭಾನುವಾರ ಒಟ್ಟಿಗೆ ಏಳಾ?

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ಪಿಜಿಯಲ್ಲಿರೋ ಕೇಳುಗರೊಬ್ಬರು ಕಳಿಸಿದ್ದು. 'ಬೆಳಿಗ್ಗೆ ಕ್ಯಾಬ್ ಹಿಡಿಯೋ ಗಡಿಬಿಡೀಲಿ ಥೈರಾಯ್ಡ್ ಮಾತ್ರೆ ವಾರಕ್ಕೆ ಮೂರು ದಿನ ಮರ್ತೇ ಹೋಗುತ್ತೆ. ಭಾನುವಾರ ಒಟ್ಟಿಗೆ ಏಳು ನುಂಗಿದ್ರೆ ಆಗಲ್ವಾ?'

ನಗಬೇಡಿ. ಡಾಕ್ಟರ್‌ಗಳೇ ಪರೀಕ್ಷೆ ಮಾಡಿ ನೋಡಿರೋ ಪ್ರಶ್ನೆ ಇದು.

ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ತಯಾರಿಸದೇ ಇದ್ದಾಗ ಕೊಡೋ ಮಾತ್ರೆ ಲೆವೊಥೈರಾಕ್ಸಿನ್, ಅಂದ್ರೆ ಟಿ4. ದೇಹ ಅದನ್ನ ಬೇಕಾದ ಹಾಗೆ ಟಿ3 ಆಗಿ ಬದಲಾಯಿಸಿಕೊಳ್ಳುತ್ತೆ. ಪ್ಯಾರಸಿಟಮಾಲ್ ಆದ್ರೆ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತೆ. ಟಿ4 ಹಾಗಲ್ಲ, ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯೋಕೆ ಸುಮಾರು 7 ದಿನ ಬೇಕು. ನಮ್ಮ ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಕಾರ್ಪೊರೇಷನ್ ನೀರು ದಿನಾ ಬರಲಿ, ವಾರಕ್ಕೊಮ್ಮೆ ಬರಲಿ, ಟ್ಯಾಂಕಲ್ಲಿ ಇರೋವರೆಗೂ ನಲ್ಲಿ ನಿಲ್ಲಲ್ಲ.

ಹಾಗಾಗಿ ವಾರದ ಡೋಸ್ ಕೆಲಸ ಮಾಡುತ್ತೆ. 1997ರಲ್ಲಿ ನ್ಯೂಜಿಲೆಂಡ್‌ನ ಸಂಶೋಧಕರು 12 ರೋಗಿಗಳಿಗೆ ದಿನದ ಡೋಸ್‌ನ ಏಳು ಪಟ್ಟನ್ನ ವಾರಕ್ಕೊಮ್ಮೆ ಕೊಟ್ಟು ನೋಡಿದ್ರು. ಅವರು ಅದನ್ನ ತಡೆದುಕೊಂಡ್ರು, ಆದ್ರೆ ಹಾರ್ಮೋನ್ ಮಟ್ಟ ಪೂರ್ತಿ ಸರಿಯಾಗೋಕೆ ಏಳು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಬೇಕಾಗಬಹುದು ಅನ್ನಿಸ್ತು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2014ರ ಮಾರ್ಗಸೂಚಿ ಕೂಡ, ದಿನಾ ತಗೊಳ್ಳೋದು ಹೇಗೂ ಸಾಧ್ಯವಾಗದವರಿಗೆ ಈ ದಾರಿ ಯೋಚಿಸಬಹುದು ಅನ್ನುತ್ತೆ. ಗಮನಿಸಿ, ಇದು ಕೊನೇ ದಾರಿ. ಮೊದಲ ಆಯ್ಕೆ ದಿನದ ಮಾತ್ರೆಯೇ.

ಯಾಕೆ? ಒಂದೇ ಸಲ ಅಷ್ಟು ಡೋಸ್ ಹೋದ್ರೆ ಮುಂದಿನ ಕೆಲವು ಗಂಟೆ ರಕ್ತದಲ್ಲಿ ಟಿ4 ಏರುತ್ತೆ. ಹೃದಯದ ತೊಂದರೆ ಇರೋರಿಗೆ, ವಯಸ್ಸಾದವರಿಗೆ ಅದು ಅಪಾಯ. ಬಸುರಿಯರಂತೂ ಈ ಪ್ರಯೋಗಕ್ಕೆ ಕೈ ಹಾಕಲೇಬಾರದು. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ತುಂಬಾ ಜನ ಮರೆತಿದ್ದನ್ನ ಡಾಕ್ಟರ್ ಹತ್ರ ಹೇಳೋದೇ ಇಲ್ಲ. ಬೈತಾರೆ ಅಂತ ಭಯ! ಟೆಸ್ಟ್‌ಗೆ ನಾಲ್ಕು ದಿನ ಇದ್ದಾಗ ಸರಿಯಾಗಿ ತಗೊಂಡು ಹೋಗ್ತಾರೆ. ಆಗ ಟಿ4 ಸರಿ ಕಾಣಬಹುದು, ಟಿಎಸ್‌ಎಚ್ ಮಾತ್ರ ಮೇಲೇ ಇರುತ್ತೆ. ಅದು ಒಂದು ಹೊಸ ಮಟ್ಟಕ್ಕೆ ಬಂದು ನಿಲ್ಲೋಕೆ ಆರರಿಂದ ಎಂಟು ವಾರ ಬೇಕು. ಪಾಪ, ನಿಜ ಗೊತ್ತಿಲ್ಲದ ಡಾಕ್ಟರ್ ಡೋಸ್ ಏರಿಸ್ತಾರೆ. ಆಮೇಲೆ ನೀವು ಶಿಸ್ತಾಗಿ ದಿನಾ ತಗೊಳ್ಳೋಕೆ ಶುರು ಮಾಡಿದ್ರೆ ಡೋಸ್ ಅತಿಯಾಗುತ್ತೆ, ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ.

ಆದ್ದರಿಂದ ಆ ಕೇಳುಗರಿಗೆ ನನ್ನ ಮಾತು: ಏಳು ಮಾತ್ರೆ ನುಂಗೋ ಮೊದಲು 'ವಾರಕ್ಕೆ ಮೂರು ತಪ್ಪುತ್ತೆ' ಅಂತ ಡಾಕ್ಟರ್‌ಗೆ ನೇರವಾಗಿ ಹೇಳಿ. ಒಂದು ದಿನ ತಪ್ಪಿದ್ರೆ ಮರುದಿನ ಏನು ಮಾಡಬೇಕು ಅಂತಾನೂ ಕೇಳಿಟ್ಟುಕೊಳ್ಳಿ. ಬೆಳಿಗ್ಗೆ ಆಗಲ್ಲ ಅಂದ್ರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗೋ ಮುಂಚೆ ತಗೊಳ್ಳಬಹುದಾ ಅಂತ ವಿಚಾರಿಸಿ. ಬೆಳಿಗ್ಗೆಯೇ ಆದ್ರೆ ನೀರಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ ಇರಲಿ.