ಗುರುಗಳನ್ನು ಬಚ್ಚಿಟ್ಟ ಮನೆ: ಇಂಗ್ಲೆಂಡಿನ ಹಳ್ಳಿಯೊಂದರ ಸಂರಕ್ಷಿತ ಕಟ್ಟಡಗಳು

ಹಳೆಯ ಕಟ್ಟಡಗಳನ್ನು ಜತನವಾಗಿ ಕಾಪಾಡಿಕೊಂಡು ಬರುವುದರಲ್ಲಿ ಇಂಗ್ಲೆಂಡ್ ದೇಶವು ಹೆಸರು ಪಡೆದಿದೆ. ಅಲ್ಲಿಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಅರಮನೆಗಳೂ ಮಹಾದೇವಾಲಯಗಳೂ ಮಾತ್ರವಲ್ಲ, ಹಳ್ಳಿಯ ಕಣಜ, ಕಲ್ಲಿನ ಸೇತುವೆ, ಮೈಲುಗಲ್ಲು, ಸಮಾಧಿಶಿಲೆ, ರಸ್ತೆಬದಿಯ ಕೆಂಪು ಟೆಲಿಫೋನ್ ಗೂಡುಗಳು ಕೂಡ ಈ ಪಟ್ಟಿಯಲ್ಲಿ ಸ್ಥಾನ ಪಡೆದಿವೆ. ಇವುಗಳಲ್ಲಿ ಕಥೋಲಿಕ ಕುಟುಂಬಗಳು ಅರಿತಿರಬೇಕಾದ ಒಂದು ಮನೆಯ ಕಥೆಯನ್ನು ಈ ವಾರ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಇಂಗ್ಲೆಂಡಿನ ಮಧ್ಯಭಾಗದ ವೂಸ್ಟರ್‌ಶೈರ್ ಪ್ರಾಂತದಲ್ಲಿ, ಕಿಡರ್‌ಮಿನ್‌ಸ್ಟರ್ ಪಟ್ಟಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಚ್ಯಾಡ್ಸ್ಲಿ ಕಾರ್ಬೆಟ್ ಎಂಬ ಗ್ರಾಮವಿದೆ. ಆ ದೇಶದಲ್ಲಿ ಪ್ಯಾರಿಷ್ ಎಂಬ ಪದಕ್ಕೆ ಎರಡು ಅರ್ಥಗಳು. ಒಂದು, ನಾವು ಬಲ್ಲ ಧರ್ಮಕೇಂದ್ರ. ಇನ್ನೊಂದು, ನಮ್ಮ ಗ್ರಾಮ ಪಂಚಾಯಿತಿಯ ಮೇರೆಯನ್ನು ಹೋಲುವ ಆಡಳಿತ ಘಟಕ. ಚ್ಯಾಡ್ಸ್ಲಿ ಕಾರ್ಬೆಟ್ ಎರಡನೆಯ ಅರ್ಥದಲ್ಲಿ ಒಂದೇ ಪ್ಯಾರಿಷ್ ಆಗಿದ್ದರೂ ಅದರ ಎಲ್ಲೆಯೊಳಗೆ ಎರಡು ವಿಶ್ವಾಸಗಳ ಚರಿತ್ರೆ ಅಕ್ಕಪಕ್ಕದಲ್ಲಿ ನಿಂತಿದೆ. ಊರ ನಡುವಿನಲ್ಲಿರುವುದು ಸಂತ ಕಾಸಿಯನ್ನರ ಹೆಸರಿನ ಪುರಾತನ ದೇವಾಲಯ. ತನ್ನ ಶಿಷ್ಯರಿಂದಲೇ ಬರೆಯುವ ಕಂಟಗಳಿಂದ ತಿವಿಸಿಕೊಂಡು ಪ್ರಾಣತೆತ್ತನೆಂದು ಪರಂಪರೆ ಹೇಳುವ, ಇಟಲಿಯ ಇಮೋಲಾ ಊರಿನ ಉಪಾಧ್ಯಾಯನೇ ಈ ಸಂತ. ಒಂದಕ್ಕೊಂದು ಹೆಣೆದುಕೊಂಡ ಘಟಸರ್ಪಗಳನ್ನು ಕೆತ್ತಿರುವ 12ನೇ ಶತಮಾನದ ಜ್ಞಾನಸ್ನಾನದ ಕಲ್ಲುತೊಟ್ಟಿಯೊಂದು ಅಲ್ಲಿದೆ. 16ನೇ ಶತಮಾನದ ಧಾರ್ಮಿಕ ಬದಲಾವಣೆಯ ತರುವಾಯ ಈ ದೇವಾಲಯವು ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಸಭೆಗೆ ಸೇರಿತು. ಕಥೋಲಿಕರ ಚರಿತ್ರೆಯನ್ನು ಅರಸುವವರು ಊರಿನಿಂದ ತುಸು ಹೊರಗಿರುವ ಹಾರ್ವಿಂಗ್ಟನ್ ಹಾಲ್ ಎಂಬ ಮನೆಗೆ ಹೋಗಬೇಕು. ದೇವಾಲಯ, ಮನೆ ಇವೆರಡೂ ಇಂದು ಸಂರಕ್ಷಿತ ಪಟ್ಟಿಯ ಒಂದನೇ ಶ್ರೇಣಿಯಲ್ಲಿವೆ.

ಮನೆಯೇ ದೇವಾಲಯವಾದ ಕಾಲ

ಸುತ್ತಲೂ ನೀರು ತುಂಬಿದ ಕಂದಕ. ನಡುವೆ ಕೆಂಪು ಇಟ್ಟಿಗೆಯ, ಎತ್ತರವಾದ ಹೊಗೆಗೂಡುಗಳ ಮನೆ. ಹಂಫ್ರಿ ಪ್ಯಾಕಿಂಗ್ಟನ್ ಎಂಬ ಕಥೋಲಿಕ ಜಮೀನ್ದಾರರು 1580ರ ದಶಕದ ಸುಮಾರಿಗೆ, ಅಲ್ಲಿದ್ದ ಇನ್ನೂ ಹಳೆಯ ಮನೆಯೊಂದನ್ನು ಒಳಗೊಂಡಂತೆ, ಇದನ್ನು ಕಟ್ಟಿಸಿದರು. ಆಗ ಆಳುತ್ತಿದ್ದವಳು ಒಂದನೇ ಎಲಿಜಬೆತ್ ರಾಣಿ.

ಆ ಕಾಲದ ಕಾನೂನುಗಳನ್ನು ತಿಳಿಯದೆ ಈ ಮನೆಯ ಮಹತ್ವವನ್ನು ಅರಿಯಲಾಗದು. 1559ರ ಕಾಯಿದೆಯ ಪ್ರಕಾರ ಭಾನುವಾರ ಸರ್ಕಾರಿ ಸಭೆಯ ಆರಾಧನೆಗೆ ಹೋಗದವರು 12 ಪೆನ್ಸ್ ದಂಡ ತೆರಬೇಕಾಗಿತ್ತು. 1581ರಲ್ಲಿ ಆ ದಂಡವು ತಿಂಗಳಿಗೆ 20 ಪೌಂಡಿಗೆ ಏರಿತು. ಬಲಿಪೂಜೆ ಅರ್ಪಿಸುವುದಕ್ಕೂ ಅದರಲ್ಲಿ ಪಾಲ್ಗೊಳ್ಳುವುದಕ್ಕೂ ಸೆರೆಮನೆವಾಸ ವಿಧಿಸಲಾಯಿತು. 1585ರ ಕಾಯಿದೆ ಎಲ್ಲಕ್ಕಿಂತ ಕಠೋರವಾದುದು. ವಿದೇಶದಲ್ಲಿ ಗುರುದೀಕ್ಷೆ ಪಡೆದು ಇಂಗ್ಲೆಂಡಿಗೆ ಮರಳಿದ ಗುರುಗಳು ರಾಜದ್ರೋಹಿಗಳೆನಿಸಿದರು. ಅವರಿಗೆ ಆಶ್ರಯ ನೀಡಿದ ಮನೆಯವರಿಗೂ ಮರಣದಂಡನೆ ಕಾದಿತ್ತು. ಯಾರ್ಕ್ ನಗರದ ಸಂತ ಮಾರ್ಗರೇಟ್ ಕ್ಲಿಥೆರೋ 1586ರಲ್ಲಿ, ಸಂತ ಆನ್ ಲೈನ್ 1601ರಲ್ಲಿ ಪ್ರಾಣ ತೆತ್ತದ್ದು ಗುರುಗಳಿಗೆ ಆಸರೆ ಕೊಟ್ಟ ಪ್ರಕರಣಗಳಲ್ಲಿಯೇ. ಊರ ದೇವಾಲಯ ಕೈತಪ್ಪಿದ ಮೇಲೆ ಕಥೋಲಿಕರಿಗೆ ಉಳಿದದ್ದು ತಮ್ಮ ಮನೆಗಳು ಮಾತ್ರ. ಮನೆಯ ಅಟ್ಟ ಬಲಿಪೀಠವಾಯಿತು, ಮನೆಯೊಡತಿ ಧರ್ಮಕೇಂದ್ರದ ಪಾಲಕಿಯಾದಳು.

ಹಾರ್ವಿಂಗ್ಟನ್ನಿನ ಮೇಲಂತಸ್ತಿನಲ್ಲಿ ಪೂಜೆಗೆ ಬಳಸುತ್ತಿದ್ದ ಕೋಣೆಯೊಂದರ ಗೋಡೆಯ ಮೇಲೆ ಕೆಂಪು ಮತ್ತು ಬಿಳಿ ಹನಿಗಳನ್ನು ಸಾಲುಸಾಲಾಗಿ ಚಿತ್ರಿಸಲಾಗಿದೆ. ಪ್ರಭು ಯೇಸುವಿನ ಪಕ್ಕೆಯಿಂದ ಸುರಿದ ರಕ್ತ ಮತ್ತು ನೀರಿನ ಸಂಕೇತವದು. ತನಿಖೆಗೆ ಬಂದ ಅಧಿಕಾರಿಯ ಕಣ್ಣಿಗೆ ಅದು ಬರಿಯ ಅಲಂಕಾರವೆಂದು ತೋರಬಹುದಿತ್ತು. ವಿಶ್ವಾಸಿಗಳಿಗೆ ಅದರ ಅರ್ಥ ಗೊತ್ತಿತ್ತು.

ಒಬ್ಬ ಬಡಗಿಯ ಕೈಕೆಲಸ

ಇಂಗ್ಲೆಂಡಿನಲ್ಲಿ ಉಳಿದಿರುವ ಗುರುಗಳ ಅಡಗುತಾಣಗಳಲ್ಲಿ ಅತ್ಯುತ್ತಮವಾದವು ಹಾರ್ವಿಂಗ್ಟನ್ನಿನಲ್ಲಿವೆ. ಒಂದೇ ಮನೆಯಲ್ಲಿ 7 ಅಡಗುತಾಣಗಳು. ಒಂದೆಡೆ ಗೋಡೆಯೊಳಗಿನ ನಿಲುವು ತೊಲೆಯು ತಿರುಗಣಿಯ ಮೇಲೆ ಓರೆಯಾಗಿ ಸರಿದು, ಒಬ್ಬರು ನುಸುಳುವಷ್ಟು ಸಂದು ತೆರೆದುಕೊಳ್ಳುತ್ತದೆ. ಇನ್ನೊಂದೆಡೆ ಮೆಟ್ಟಿಲ ಹಲಗೆಯೇ ಮುಚ್ಚಳದಂತೆ ಮೇಲೇಳುತ್ತದೆ. ಮತ್ತೊಂದೆಡೆ, ಎಂದೂ ಬೆಂಕಿ ಹೊತ್ತಿಸದ ಸುಳ್ಳು ಅಗ್ಗಿಷ್ಟಿಕೆಯ ಹೊಗೆಗೂಡಿನ ಮೂಲಕ ಅಟ್ಟಕ್ಕೆ ಏರಬಹುದು. ನಿಜವೆಂದು ತೋರಲು ಅದಕ್ಕೆ ಮಸಿ ಬಳಿಯಲಾಗಿತ್ತು.

ಇವುಗಳಲ್ಲಿ ಕೆಲವು ಸಂತ ನಿಕೋಲಸ್ ಓವೆನ್ನರ ಕೆಲಸವೆಂದು ನಂಬಲಾಗಿದೆ. ಆಕ್ಸ್‌ಫರ್ಡ್ ನಗರದ ಬಡಗಿಯೊಬ್ಬರ ಮಗನಾದ ಇವರು ಯೇಸುಸಭೆಯ ಸಹೋದರರು, ಕುಳ್ಳು ಮೈಕಟ್ಟಿನವರು. ಸುಮಾರು 18 ವರ್ಷ ದೇಶದ ಉದ್ದಗಲಕ್ಕೂ ತಿರುಗಿ ಕಥೋಲಿಕರ ಮನೆಗಳಲ್ಲಿ ಅಡಗುತಾಣಗಳನ್ನು ಕಟ್ಟಿದರು. ಹಗಲಿನಲ್ಲಿ ಎಲ್ಲರೆದುರು ಏನಾದರೊಂದು ದುರಸ್ತಿ ಕೆಲಸ. ರಾತ್ರಿ ಒಬ್ಬರೇ ಕಲ್ಲು ಕೊರೆಯುವ ಗುಪ್ತ ಕೆಲಸ. ಒಂದು ಅಡಗುತಾಣದ ರಹಸ್ಯ ಬಯಲಾದರೂ ಉಳಿದವು ಸಿಕ್ಕಿಬೀಳದಂತೆ ಒಂದರ ಹಾಗೆ ಇನ್ನೊಂದನ್ನು ಕಟ್ಟದಿರುವುದು ಅವರ ಪದ್ಧತಿ. ಹುಡುಕಲು ಬರುತ್ತಿದ್ದ ರಾಜಭಟರು ಗೋಡೆಗಳ ಒಳಹೊರಗಿನ ಅಳತೆ ತೆಗೆದು ತಾಳೆ ನೋಡುತ್ತಿದ್ದರು, ಹಲಗೆಗಳನ್ನು ತಟ್ಟಿ ಕಿವಿಗೊಡುತ್ತಿದ್ದರು, ದಿನಗಟ್ಟಲೆ ಮನೆಯಲ್ಲೇ ಬೀಡುಬಿಡುತ್ತಿದ್ದರು. ಒಳಗಿದ್ದವರು ಕೆಮ್ಮುವಂತಿಲ್ಲ, ಕಾಲು ಚಾಚುವಂತಿಲ್ಲ.

1606ರ ಜನವರಿಯಲ್ಲಿ ಹಾರ್ವಿಂಗ್ಟನ್ನಿಗೆ ಸುಮಾರು 10 ಮೈಲಿ ದೂರದ ಹಿಂಡ್ಲಿಪ್ ಎಂಬ ಮನೆಯನ್ನು ರಾಜಭಟರು ಮುತ್ತಿದಾಗ ಓವೆನ್ನರೂ ಅಲ್ಲಿ ಅಡಗಿದ್ದರು. ಹಲವು ದಿನ ಅನ್ನವಿಲ್ಲದೆ ಇದ್ದು, ಕೊನೆಗೆ ಹೊರಬಂದು ಸೆರೆಯಾದರು. ಲಂಡನ್ ಗೋಪುರದ ಸೆರೆಮನೆಯಲ್ಲಿ ಚಿತ್ರಹಿಂಸೆಗೆ ಒಳಗಾಗಿ ಅದೇ ವರ್ಷದ ಮಾರ್ಚ್‌ನಲ್ಲಿ ಅಸುನೀಗಿದರು. ಆಶ್ರಯವಿತ್ತ ಒಂದು ಮನೆಯ ಗುಟ್ಟನ್ನೂ ಅವರು ಬಿಟ್ಟುಕೊಡಲಿಲ್ಲ. 1970ರ ಅಕ್ಟೋಬರ್ 25ರಂದು ಜಗದ್ಗುರು ಆರನೇ ಪೌಲರು ಸಂತ ಪದವಿಗೇರಿಸಿದ ಇಂಗ್ಲೆಂಡ್ ಮತ್ತು ವೇಲ್ಸ್‌ನ 40 ಮಂದಿ ರಕ್ತಸಾಕ್ಷಿಗಳಲ್ಲಿ ಓವೆನ್ನರೂ ಒಬ್ಬರು. ಹಾರ್ವಿಂಗ್ಟನ್ ಸೀಮೆಯ ಕಥೋಲಿಕರ ಸೇವೆ ಮಾಡಿ, 1679ರ ಆಗಸ್ಟ್ 22ರಂದು ವೂಸ್ಟರ್ ನಗರದಲ್ಲಿ ಗಲ್ಲಿಗೇರಿದ ಫ್ರಾನ್ಸಿಸ್ಕನ್ ಗುರು ಸಂತ ಜಾನ್ ವಾಲ್ ಇನ್ನೊಬ್ಬರು.

ಈ ಕಾಲದ ಇಂಗ್ಲೆಂಡಿಗೂ ನಮ್ಮ ಕರಾವಳಿಗೂ ಒಂದು ನಂಟಿದೆ. ವಿಲ್ಟ್‌ಶೈರ್ ಪ್ರಾಂತದಲ್ಲಿ ಹುಟ್ಟಿದ ಥಾಮಸ್ ಸ್ಟೀಫನ್ಸರು 1575ರಲ್ಲಿ ರೋಮ್ ನಗರದಲ್ಲಿ ಯೇಸುಸಭೆಯನ್ನು ಸೇರಿ, 1579ರಲ್ಲಿ ಗೋವೆಗೆ ಬಂದರು. 1616ರಲ್ಲಿ ಅವರ 'ಕ್ರಿಸ್ತಪುರಾಣ' ಅಚ್ಚಾಯಿತು. ಕರಾವಳಿಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ತಲೆಮಾರುಗಳ ಕಾಲ ಹಾಡಿಕೊಂಡು ಬಂದ ಆ ಗ್ರಂಥವು 1907ರಲ್ಲಿ ಮಂಗಳೂರಿನಲ್ಲಿ ಮರುಮುದ್ರಣ ಕಂಡಿತು. ಸ್ಟೀಫನ್ಸರು ತಮ್ಮ ತಾಯ್ನಾಡಿನಲ್ಲೇ ಗುರುವಾಗಿ ದುಡಿದಿದ್ದರೆ ಇಂಥ ಗೋಡೆಸಂದುಗಳಲ್ಲಿಯೇ ಅವರು ಅಡಗಿ ಬಾಳಬೇಕಾಗಿತ್ತು.

ಪಾಳುಬಿದ್ದುದರಿಂದಲೇ ಉಳಿದ ಮನೆ

1631ರಲ್ಲಿ ಹಂಫ್ರಿ ತೀರಿಕೊಂಡ ಬಳಿಕ ಅವರ ಪತ್ನಿ ಅಬಿಗೇಲ್, ಅನಂತರ ಮಗಳು ಲೇಡಿ ಮೇರಿ ಯೇಟ್ ಈ ಮನೆಯನ್ನು ಕಾಪಾಡಿಕೊಂಡರು. ಅಂತರ್ಯುದ್ಧದ ಗಲಭೆಯಲ್ಲೂ, ಸಂತ ಜಾನ್ ವಾಲರು ಗಲ್ಲಿಗೇರಿದ ಭೀತಿಯ ವರ್ಷಗಳಲ್ಲೂ ಮನೆ ಹೆಂಗಸರ ಕೈಯಲ್ಲೇ ಇತ್ತು. 1696ರಲ್ಲಿ ಲೇಡಿ ಮೇರಿ ತೀರಿಕೊಂಡ ಮೇಲೆ, ಅವರ ಮೊಮ್ಮಗಳನ್ನು ಕೈಹಿಡಿದ ಥ್ರಾಕ್‌ಮಾರ್ಟನ್ ಎಂಬ ಕಥೋಲಿಕ ಮನೆತನಕ್ಕೆ ಆಸ್ತಿ ಸೇರಿತು. ಆ ಮನೆತನದ ಮೂಲ ವಾಸ ನೆರೆಯ ವಾರ್ವಿಕ್‌ಶೈರಿನ ಕೋಟನ್ ಕೋರ್ಟ್‌ನಲ್ಲಿ. ಹೀಗಾಗಿ ಹಾರ್ವಿಂಗ್ಟನ್ ಎರಡನೇ ಮನೆಯಾಯಿತು. ಕಟ್ಟಡದ ಒಂದು ಭಾಗವನ್ನು ಕೆಡವಲಾಯಿತು. ಆದರೂ ಗುರುಗಳು ಅಲ್ಲಿ ನೆಲೆಸುವುದು ನಿಲ್ಲಲಿಲ್ಲ. ಚಾರ್ಲ್ಸ್ ಡಾಡ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಗುರು ಹ್ಯೂ ಟೂಟೆಲ್ ಇಂಗ್ಲೆಂಡಿನ ಧರ್ಮಸಭೆಯ ಚರಿತ್ರೆಯ ಮೇಲೆ ದುಡಿದು, 1743ರಲ್ಲಿ ಹಾರ್ವಿಂಗ್ಟನ್ನಿನಲ್ಲೇ ತೀರಿಕೊಂಡರು. 1791ರ ಕಾಯಿದೆ ಕಥೋಲಿಕರ ಪೂಜಾಮಂದಿರಗಳಿಗೆ ಅನುಮತಿಯಿತ್ತಿತು. 1825ರಲ್ಲಿ ಮನೆಯ ಪಕ್ಕದಲ್ಲಿ ಮಾತೆ ಮರಿಯಮ್ಮನವರ ದೇವಾಲಯ ಬಹಿರಂಗವಾಗಿಯೇ ಎದ್ದಿತು.

ಗುಪ್ತ ಪೂಜೆಯ ಅಗತ್ಯ ತೀರಿದಂತೆ ಮನೆಯ ಅಗತ್ಯವೂ ತೀರಿತು. 19ನೇ ಶತಮಾನದಲ್ಲಿ ಮಾಡು ಸೋರಿತು, ಬಳ್ಳಿ ಹಬ್ಬಿತು, ಒಳಗಿನ ಮರಗೆಲಸ ಹೊರಗೆ ಹೋಯಿತು. 1910ರಲ್ಲಿ ಮಹಾ ಮೆಟ್ಟಿಲುಸಾಲನ್ನೇ ಬಿಚ್ಚಿ ಕೋಟನ್ ಕೋರ್ಟಿಗೆ ಸಾಗಿಸಲಾಯಿತು. ಆದರೂ ಈ ಅಲಕ್ಷ್ಯದಿಂದ ಒಂದು ಉಪಕಾರವೂ ಆಯಿತು. ಕಾಲಕ್ಕೆ ತಕ್ಕಂತೆ ಮನೆಯನ್ನು ಹೊಸದಾಗಿಸಲು ಯಾರೂ ಹಣ ಸುರಿಯದ ಕಾರಣ ಗೋಡೆಗಳು ಒಡೆಯಲಿಲ್ಲ, ಅಡಗುತಾಣಗಳು ಹಾಗೆಯೇ ಉಳಿದವು. ಹಿಂಡ್ಲಿಪ್ಪಿನ ಗತಿ ಬೇರೆ. ಓವೆನ್ನರು ಸೆರೆಯಾದ ಆ ಮನೆಯನ್ನು 19ನೇ ಶತಮಾನದ ಮೊದಲಲ್ಲಿ ಕೆಡವಿ ಹೊಸ ಬಂಗಲೆ ಕಟ್ಟಲಾಯಿತು. ಅಲ್ಲಿನ ಅಡಗುತಾಣಗಳಲ್ಲಿ ಒಂದೂ ಇಂದು ನೋಡಸಿಗದು.

1923ರಲ್ಲಿ ಎಲೆನ್ ರಯಾನ್ ಫೆರಿಸ್ ಎಂಬ ಮಹಿಳೆ ಈ ಪಾಳುಮನೆಯನ್ನು ಕೊಂಡು ಬರ್ಮಿಂಗ್‌ಹ್ಯಾಮ್ ಮಹಾಧರ್ಮಕ್ಷೇತ್ರಕ್ಕೆ ದಾನವಾಗಿ ಕೊಟ್ಟರು. ದುರಸ್ತಿ ಆರಂಭವಾಯಿತು. 1936ರಲ್ಲಿ ಸುಣ್ಣದ ಪದರಗಳ ಅಡಿಯಿಂದ, ಪುರಾತನ ವೀರರನ್ನು ಚಿತ್ರಿಸಿದ ಭಿತ್ತಿಚಿತ್ರಗಳು ಹೊರಬಂದವು. ಹೋದ ಮೆಟ್ಟಿಲುಸಾಲಿನ ಜಾಗದಲ್ಲಿ ಅದರದೇ ಪ್ರತಿರೂಪವನ್ನು ಕಟ್ಟಲಾಯಿತು. ಮನೆ ಇಂದಿಗೂ ಮಹಾಧರ್ಮಕ್ಷೇತ್ರದ ಒಡೆತನದಲ್ಲಿದ್ದು ಸಾರ್ವಜನಿಕರಿಗೆ ತೆರೆದಿದೆ.

ಪಟ್ಟಿ ಏನನ್ನು ಕಾಯುತ್ತದೆ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1910ರಲ್ಲಿ ಮೆಟ್ಟಿಲುಸಾಲು ಹೊರಟಾಗ ಅದನ್ನು ತಡೆಯುವ ಕಾನೂನು ಇಂಗ್ಲೆಂಡಿನಲ್ಲಿರಲಿಲ್ಲ. 1882ರ ಪುರಾತನ ಸ್ಮಾರಕಗಳ ಕಾಯಿದೆಯು ಮುಖ್ಯವಾಗಿ ಇತಿಹಾಸಪೂರ್ವ ಕಾಲದ ಕಲ್ಲುಸಾಲು, ಸಮಾಧಿದಿಬ್ಬಗಳಂಥವನ್ನು ಕಾಯುತ್ತಿತ್ತೇ ಹೊರತು ಜನ ವಾಸಿಸುವ ಮನೆಗಳನ್ನಲ್ಲ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಊರೂರುಗಳೇ ಕುಸಿದಾಗ, ಯಾವುದನ್ನು ಉಳಿಸಬೇಕೆಂಬ ಪ್ರಶ್ನೆ ಎದುರಾಯಿತು. 1944 ಮತ್ತು 1947ರ ಕಾಯಿದೆಗಳಿಂದ ಈಗಿನ ಪಟ್ಟಿ ರೂಪುಗೊಂಡಿತು.

ಪಟ್ಟಿಯಲ್ಲಿ ಮೂರು ಶ್ರೇಣಿಗಳಿವೆ. ಅಸಾಧಾರಣ ಮಹತ್ವದ ಒಂದನೇ ಶ್ರೇಣಿಗೆ ಸೇರಿದವು ನೂರಕ್ಕೆ ಎರಡೂವರೆ ಮಾತ್ರ. ಅದರ ಕೆಳಗೆ ಎರಡನೇ ಶ್ರೇಣಿಯ ನಕ್ಷತ್ರದ ಗುರುತಿನವು. ನೂರಕ್ಕೆ 90ಕ್ಕೂ ಹೆಚ್ಚು ಕಟ್ಟಡಗಳು ಬರಿಯ ಎರಡನೇ ಶ್ರೇಣಿಯವು. 1700ಕ್ಕೆ ಮೊದಲು ಕಟ್ಟಿ, ಬಹುಮಟ್ಟಿಗೆ ಮೂಲರೂಪದಲ್ಲಿ ಉಳಿದಿರುವ ಕಟ್ಟಡಗಳೆಲ್ಲವೂ ಸಾಮಾನ್ಯವಾಗಿ ಪಟ್ಟಿಗೆ ಸೇರುತ್ತವೆ. ಒಮ್ಮೆ ಸೇರಿದರೆ ಹೊರಗೋಡೆಯಷ್ಟೇ ಅಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಗಾರೆ ಎಲ್ಲವೂ ರಕ್ಷಣೆಗೆ ಒಳಪಡುತ್ತವೆ. ಅನುಮತಿಯಿಲ್ಲದೆ ಕೆಡವುವುದೂ ಸ್ವರೂಪ ಕೆಡುವಂತೆ ಬದಲಿಸುವುದೂ ಶಿಕ್ಷಾರ್ಹ ಅಪರಾಧ. ಪೂಜೆ ನಡೆಯುವ ದೇವಾಲಯಗಳ ವಿಷಯದಲ್ಲಿ ಕಥೋಲಿಕ ಸಭೆಯೂ ಸೇರಿದಂತೆ ಕೆಲವು ಸಭೆಗಳಿಗೆ ಈ ಅನುಮತಿಯಿಂದ ವಿನಾಯಿತಿಯಿದೆ. ಆದರೆ ಸಭೆಗಳು ಅಷ್ಟೇ ಬಿಗಿಯಾದ ತಮ್ಮದೇ ಪರಿಶೀಲನಾ ವ್ಯವಸ್ಥೆಯನ್ನು ಇಟ್ಟುಕೊಳ್ಳಬೇಕು. ಕಥೋಲಿಕ ಸಭೆಯಲ್ಲಿ ಈ ಹೊಣೆಯನ್ನು ಐತಿಹಾಸಿಕ ದೇವಾಲಯಗಳ ಸಮಿತಿಗಳು ಹೊತ್ತಿವೆ. ಹಳೆಯ ಬಲಿಪೀಠವನ್ನು ಸರಿಸಲು, ಬೆಂಚುಗಳನ್ನು ತೆಗೆಯಲು ಧರ್ಮಕೇಂದ್ರದ ಗುರುಗಳು ತಾವೊಬ್ಬರೇ ತೀರ್ಮಾನಿಸುವಂತಿಲ್ಲ.

ಇಷ್ಟಿದ್ದರೂ ಪಟ್ಟಿಗೆ ಸೇರಿದ ಮಾತ್ರಕ್ಕೆ ದುರಸ್ತಿಗೆ ಹಣ ಬರುವುದಿಲ್ಲ. ಅಪಾಯದಲ್ಲಿರುವ ಕಟ್ಟಡಗಳ ಪ್ರತ್ಯೇಕ ಪಟ್ಟಿಯನ್ನು ಆ ದೇಶ ಪ್ರಕಟಿಸುತ್ತದೆ. ಅದರಲ್ಲಿ ನೂರಾರು ದೇವಾಲಯಗಳಿವೆ. ಹಳ್ಳಿಗಳಲ್ಲಿ ಭಾನುವಾರದ ಪೂಜೆಗೆ ಬರುವವರು ಕಡಿಮೆಯಾದಂತೆ, ಶತಮಾನಗಳ ಮಾಡನ್ನು ಹೊರುವ ಭಾರ ಕೆಲವೇ ಕುಟುಂಬಗಳ ಹೆಗಲೇರಿದೆ. ಕಾನೂನು ಕೆಡವುವವರ ಕೈಯನ್ನು ತಡೆಯಬಲ್ಲದು. ಸೋರುವ ಮಾಡಿಗೆ ಹೆಂಚು ಹೊದಿಸುವ ಕೆಲಸ ಮನುಷ್ಯರದೇ.

ಹಾರ್ವಿಂಗ್ಟನ್ನಿನ ಕಥೆಯಿಂದ ನಾವು ತಿಳಿಯುವುದೂ ಇದನ್ನೇ. ಈ ಮನೆಯನ್ನು ಕಾದವರಲ್ಲಿ ಕಾನೂನು ಬಂದದ್ದು ಎಲ್ಲರಿಗಿಂತ ಕೊನೆಗೆ. ಮೊದಲು ಕಾದವರು ಪ್ರಾಣಭಯದ ನಡುವೆಯೂ ಬಾಗಿಲು ತೆರೆದ ಕುಟುಂಬದವರು. ಅನಂತರ ಕಾದವರು ಯಾರಿಗೂ ಬೇಡವಾದ ಪಾಳುಗೋಡೆಗಳಿಗೆ ಹಣ ಕೊಟ್ಟ ಒಬ್ಬ ಗೃಹಿಣಿ. ಅವರಲ್ಲಿ ಬಹುಪಾಲು ಮಂದಿ ಗುರುಗಳೂ ಅಲ್ಲ, ಕನ್ಯಾಸ್ತ್ರೀಯರೂ ಅಲ್ಲ. ನಮ್ಮ ನಿಮ್ಮಂತೆ ಸಂಸಾರಸ್ಥರು. ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟುವ ಮಾತು ಎಲ್ಲಿಯೇ ಎದ್ದರೂ, ಆ ಗೋಡೆಗಳು ಏನನ್ನು ಕಂಡಿವೆ, ಯಾರನ್ನು ಕಾಪಾಡಿವೆ ಎಂದು ಹಿರಿಯರನ್ನು ಮೊದಲು ಕೇಳಿ ತಿಳಿದುಕೊಳ್ಳುವುದು ಒಳಿತು. ಒಮ್ಮೆ ಬಿಚ್ಚಿದ ಮೆಟ್ಟಿಲುಸಾಲು ಹಾರ್ವಿಂಗ್ಟನ್ನಿಗೆ ಇಂದಿಗೂ ಹಿಂದಿರುಗಿಲ್ಲ. ಅಲ್ಲಿ ಈಗ ಇರುವುದು ಅದರ ಪ್ರತಿರೂಪ ಮಾತ್ರ.