ಪ್ರದರ್ಶನದ ಜಲಪಾತ ಮತ್ತು ಎರಡು ಕಡತಗಳು

ಇತ್ತೀಚೆಗೆ ಜಿಲ್ಲಾ ಕೇಂದ್ರವೊಂದರ ಫಲಪುಷ್ಪ ಪ್ರದರ್ಶನಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಗುಲಾಬಿ, ಸೇವಂತಿಗೆ, ಡೇಲಿಯಾ, ಆಂಥೂರಿಯಂಗಳ ಸಾಲುಗಳನ್ನು ಜನ ನಡೆಯುತ್ತಲೇ ನೋಡಿ ಮುಂದೆ ಸಾಗುತ್ತಿದ್ದರು. ಜನರ ಕಾಲು ನಿಂತದ್ದು ಒಂದೇ ಕಡೆ. ಅಲ್ಲಿ ತಂತಿಬಲೆಗೆ ಸಿಮೆಂಟು ಮೆತ್ತಿ ಮಾಡಿದ ಹದಿನೈದು ಅಡಿ ಎತ್ತರದ ಬಂಡೆ, ಅದರ ನೆತ್ತಿಯಿಂದ ಇಳಿಯುವ ನೀರು, ಕೆಳಗೆ ಕೊಳ, ಕೊಳದ ನಡುವೆ ಕಾರಂಜಿ, ಮೂರು ಬಣ್ಣದ ದೀಪ. ಮೊಮ್ಮಗಳು ಅಲ್ಲಿಂದ ಕದಲಲೊಲ್ಲಳು. ಹತ್ತು ಹೆಜ್ಜೆ ಆಚೆಗೆ ಮಳೆನೀರು ಸಂಗ್ರಹಣೆಯ ಮಾದರಿಯೊಂದನ್ನು ಇಟ್ಟಿದ್ದರು. ಪುಟ್ಟ ಮನೆ, ಪುಟ್ಟ ಕೊಳವೆ, ಪುಟ್ಟ ಇಂಗುಗುಂಡಿ. ಅದರ ಮುಂದೆ ಕುಳಿತ ಸಿಬ್ಬಂದಿ ದಿನಪತ್ರಿಕೆ ಓದುತ್ತಿದ್ದರು.

ಹೂವು ನೋಡಲು ಬಂದವರು ನೀರು ನೋಡಿ ನಿಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮದು ಬಹುಪಾಲು ಒಣ ನಾಡು. ವಿಜಯಪುರದ ಪೂರ್ವಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಬೇಸಿಗೆಯ ಮಂಟಪಗಳಿವೆ. ಕೆರೆಯ ನೀರನ್ನು ಎತ್ತರದ ಗೋಪುರಕ್ಕೇರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಸಿ, ಛಾವಣಿಯಿಂದ ತುಂತುರಾಗಿ ಬೀಳುವಂತೆ ಮಾಡಿದ್ದರು. ಸುತ್ತ ಬಿಸಿಲಿಗೆ ಬಿರಿಯುವ ಎರೆಭೂಮಿ, ನಡುವೆ ನೀರು ತೂರುವ ಮಂಟಪ. ಆ ಭೋಗಕ್ಕೆ ಅರ್ಥ ಬರುವುದೇ ಆ ಬಿಸಿಲಿನಿಂದ. ಮಲೆನಾಡಿನವರಿಗೆ ಕೃತಕ ಜಲಪಾತ ಕಟ್ಟಿ ತೋರಿಸಿದರೆ ನಕ್ಕಾರು.

ಕೃಷ್ಣರಾಜಸಾಗರದ ಬೃಂದಾವನದ ಕಥೆ ಇನ್ನೂ ಹತ್ತಿರದ್ದು. 1932ರಲ್ಲಿ ಪೂರ್ಣಗೊಂಡ ಆ ತೋಟಕ್ಕೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಣ್ಣಮುಂದಿದ್ದ ಮಾದರಿ ಕಾಶ್ಮೀರದ ಶಾಲಿಮಾರ್. ಮೊಗಲರ ಕಾಶ್ಮೀರದ ತೋಟಗಳ ಜಾಣತನವೆಲ್ಲ ಇಳಿಜಾರಿನದು. ಬೆಟ್ಟದಿಂದ ಬರುವ ತೊರೆಯನ್ನು ಜಗಲಿಯಿಂದ ಜಗಲಿಗೆ ಇಳಿಸಿ, ಆ ಇಳಿತದ ಒತ್ತಡದಿಂದಲೇ ಕಾರಂಜಿ ಚಿಮ್ಮಿಸಿ, ಕೊನೆಗೆ ನೀರನ್ನು ಸರೋವರಕ್ಕೆ ಬಿಡುತ್ತಿದ್ದರು. ನೀರು ಹೇಗಿದ್ದರೂ ಕೆಳಗೆ ಹೋಗಬೇಕಿತ್ತು, ಹೋಗುವ ದಾರಿಯಲ್ಲಿ ಸ್ವಲ್ಪ ಕುಣಿದು ಹೋಯಿತು, ಅಷ್ಟೆ. ಬೃಂದಾವನವೂ ಅಣೆಕಟ್ಟೆಯ ಕೆಳಗೇ ಇದೆ. ಇಂದಿನ ಪ್ರದರ್ಶನಗಳ ಜಲಪಾತಕ್ಕೆ ಈ ಸೌಲಭ್ಯವಿಲ್ಲ. ಅದು ಸಮತಟ್ಟಾದ ಮೈದಾನದಲ್ಲಿ, ಪಂಪಿನ ಬಲದಿಂದ, ತಂದು ಸುರಿದ ನೀರಿನಲ್ಲಿ ನಿಂತಿರುತ್ತದೆ.

ಇಂಥದೊಂದು ಜಲಪಾತಕ್ಕೆ ನಾನೂ ಒಮ್ಮೆ ಸಹಿ ಹಾಕಿದ್ದೆ. ಅದನ್ನು ಹೇಳಲೆಂದೇ ಈ ಲೇಖನ.

2001ರಿಂದ 2004ರವರೆಗೆ ರಾಜ್ಯ ಸತತ ಬರಗಾಲವನ್ನು ಕಂಡದ್ದು ಓದುಗರಿಗೆ ನೆನಪಿರಬಹುದು. ಅವುಗಳಲ್ಲೊಂದು ವರ್ಷ ನಾನು ಬಯಲುಸೀಮೆಯ ಒಂದು ಜಿಲ್ಲೆಯಲ್ಲಿ ಆಡಳಿತದ ಹೊಣೆ ಹೊತ್ತಿದ್ದೆ. ಕೆರೆಗಳು ಬತ್ತಿ, ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟು, ಜನವರಿಯಲ್ಲೇ ಹಳ್ಳಿಗಳಿಗೆ ಟ್ಯಾಂಕರ್ ಓಡಲಾರಂಭಿಸಿತ್ತು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನವನ್ನು ನಡೆಸಬೇಕೆ ಬೇಡವೆ ಎಂಬ ಚರ್ಚೆ ಬಂದಾಗ ನಡೆಸೋಣ ಎಂದವನು ನಾನೇ. ಬರಗಾಲವೆಂದು ಊರಿನ ಸಂತೋಷವನ್ನೆಲ್ಲ ರದ್ದುಮಾಡುವುದು ಸರಿಯಲ್ಲ ಎಂಬುದು ನನ್ನ ವಾದವಾಗಿತ್ತು. ಇಂದಿಗೂ ಆ ವಾದವನ್ನು ನಾನು ಹಿಂತೆಗೆದುಕೊಂಡಿಲ್ಲ.

ಪ್ರದರ್ಶನದ ಸಿದ್ಧತೆಯ ದಿನಗಳಲ್ಲಿ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಎರಡು ಕಡತಗಳು ಬಂದವು. ಒಂದು, ಕೆಲವು ಹಳ್ಳಿಗಳ ಟ್ಯಾಂಕರ್ ಸರದಿಯನ್ನು ದಿನಕ್ಕೆ ನಾಲ್ಕರಿಂದ ಮೂರಕ್ಕೆ ಇಳಿಸುವ ಪ್ರಸ್ತಾವ. ವಾಹನಗಳು ಕಡಿಮೆ, ಬೇಡಿಕೆಯ ಹಳ್ಳಿಗಳು ಹೆಚ್ಚು, ಆದ್ದರಿಂದ ಹಂಚಿಕೊಳ್ಳದೆ ವಿಧಿಯಿರಲಿಲ್ಲ. ಇನ್ನೊಂದು, ಪ್ರದರ್ಶನದ ಅಂದಾಜುಪಟ್ಟಿ. ಅದರಲ್ಲಿ 'ಕೃತಕ ಜಲಪಾತ ಮತ್ತು ಕಾರಂಜಿ' ಎಂಬ ಒಂದು ಸಾಲು. ಎರಡಕ್ಕೂ ಸಹಿ ಹಾಕಿದೆ. ಎರಡೂ ನೀರಿನ ಕಡತಗಳೆಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ. ಬಣ್ಣದ ದಾರ ಕಟ್ಟಿದ ಕಡತಗಳು ಬೇರೆ ಬೇರೆ ಶಾಖೆಗಳಿಂದ ಬರುತ್ತವೆ, ಬೇರೆ ಬೇರೆ ಶಾಖೆಗಳಿಗೆ ಹಿಂದಿರುಗುತ್ತವೆ. ಆಡಳಿತವೆಂಬ ಯಂತ್ರದ ಅನುಕೂಲವೂ ಅದೇ, ಅಪಾಯವೂ ಅದೇ.

ಜಲಪಾತದ ಕೊಳ ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಒಂದೂವರೆ ಅಡಿ ಆಳ. ತುಂಬಲು ಎರಡು ಟ್ಯಾಂಕರ್, ಎಂದರೆ ಎಂಟು ಸಾವಿರ ಲೀಟರಿನಷ್ಟು ನೀರು. ಗ್ರಾಮೀಣ ಕುಡಿಯುವ ನೀರಿಗೆ ಆಗ ಇದ್ದ ಮಾನದಂಡ ತಲೆಗೆ ದಿನಕ್ಕೆ 40 ಲೀಟರ್. ಇನ್ನೂರು ಜನರ ಒಂದು ದಿನದ ಪಾಲು ಆ ಕೊಳದಲ್ಲಿತ್ತು. ನೀರನ್ನು ತಂದದ್ದು ಬರಪರಿಹಾರದ ಟ್ಯಾಂಕರುಗಳಲ್ಲ, ಪಟ್ಟಣದ ಖಾಸಗಿ ಟ್ಯಾಂಕರುಗಳು. ಆದ್ದರಿಂದ ಲೆಕ್ಕಪತ್ರದಲ್ಲಿ ದೋಷವಿರಲಿಲ್ಲ. ಯಾವ ಲೆಕ್ಕ ಪರಿಶೋಧಕರೂ ಆಕ್ಷೇಪವೆತ್ತಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನು ಅಲ್ಲಿ ನಿಂತಿದ್ದಾಗ ಮಧ್ಯವಯಸ್ಸು ದಾಟಿದ ಹೆಂಗಸೊಬ್ಬರು ಹತ್ತಿರ ಬಂದರು. ಸಂತೆಗೆ ಬಂದವರು ಹಾಗೆಯೇ ಒಳಗೆ ಬಂದಿದ್ದರು. ಜೀಪು ಮತ್ತು ಪೊಲೀಸರನ್ನು ನೋಡಿ ನಾನು ಯಾರೆಂದು ಊಹಿಸಿದ್ದರೆಂದು ತೋರುತ್ತದೆ.

"ಸಾಮಿ, ಈ ನೀರು ಎಲ್ಲಿಗೆ ಹೋಗ್ತೈತೆ?"

"ಎಲ್ಲಿಗೂ ಹೋಗಲ್ಲ ಕಣಮ್ಮ. ಅದೇ ನೀರು ಮತ್ತೆ ಮೇಲಕ್ಕೆ ಹೋಗಿ ಕೆಳಗೆ ಬೀಳುತ್ತೆ" ಎಂದೆ.

ಆಕೆ ಸ್ವಲ್ಪ ಹೊತ್ತು ನೋಡಿದರು. "ಹಂಗಾರೆ ಖರ್ಚೇ ಆಗಕಿಲ್ಲ. ನಮ್ಮೂರಿಗೂ ಇಂಥದೊಂದು ಮಾಡಿಸಿಕೊಡಿ ಸಾಮಿ" ಎಂದರು.

ಅದು ಮುಗ್ಧತೆಯೋ ಕುಹಕವೋ ಇಂದಿಗೂ ನನಗೆ ತಿಳಿಯದು. ಯಾವ ಊರೆಂದು ಕೇಳಿದೆ, ಹೇಳಿದರು. ಆ ಹೆಸರನ್ನು ಎಲ್ಲೋ ಓದಿದ್ದೇನೆ ಎನ್ನಿಸಿತು. ಕಚೇರಿಗೆ ಮರಳಿದ ಮೇಲೆ ನೆನಪಾಯಿತು. ನಾಲ್ಕರಿಂದ ಮೂರಕ್ಕೆ ಇಳಿದ ಹಳ್ಳಿಗಳ ಪಟ್ಟಿಯಲ್ಲಿ ಅದು ಎರಡನೆಯದು.

ಅಂದು ಸಂಜೆ ವಿಚಾರಿಸಿದಾಗ ಇನ್ನೊಂದು ವಿಷಯ ತಿಳಿಯಿತು. ನೀರು ಎಲ್ಲಿಗೂ ಹೋಗುವುದಿಲ್ಲವೆಂದು ನಾನು ಹೇಳಿದ್ದು ಸುಳ್ಳಾಗಿತ್ತು. ಅವಸರದಲ್ಲಿ ಕಟ್ಟಿದ ತೊಟ್ಟಿ, ಸಿಮೆಂಟು ಸರಿಯಾಗಿ ಕ್ಯೂರಿಂಗ್ ಆಗುವ ಮೊದಲೇ ನೀರು ತುಂಬಿದ್ದರಿಂದ ಬಿರುಕು ಬಿಟ್ಟು ಸೋರುತ್ತಿತ್ತು. ರಾತ್ರಿ ಯಾರಿಗೂ ಕಾಣದಂತೆ ಮತ್ತೊಂದು ಟ್ಯಾಂಕರ್ ಬಂದು ಕೊರತೆಯನ್ನು ತುಂಬಿ ಹೋಗುತ್ತಿತ್ತು. ಜಲಪಾತವನ್ನು ಕೂಡಲೇ ನಿಲ್ಲಿಸಬೇಕಿತ್ತು. ಮರುದಿನ ಗಣ್ಯರ ಭೇಟಿಯಿತ್ತು. ನಾನು ಅದು ಮುಗಿಯುವವರೆಗೆ ಕಾದು ಆಮೇಲೆ ನಿಲ್ಲಿಸಿದೆ. ಆ ಒಂದು ದಿನದ ವಿಳಂಬಕ್ಕೆ ನನ್ನಲ್ಲಿ ಅಂದೂ ಸಮರ್ಥನೆ ಇರಲಿಲ್ಲ, ಇಂದೂ ಇಲ್ಲ.

ಉಳಿದ ನೀರನ್ನಾದರೂ ಜನರಿಗೆ ಕೊಡೋಣ, ಜನರಿಗಾಗದಿದ್ದರೆ ದನಗಳಿಗಾದರೂ ಆಗಲಿ ಎಂದೆ. ಆಗುವುದಿಲ್ಲ ಎಂದರು. ಕೊಳ ಚೆನ್ನಾಗಿ ಕಾಣಲೆಂದು ನೀರಿಗೆ ನೀಲಿ ಬಣ್ಣ ಬೆರೆಸಿದ್ದರು. ಕಡೆಗೆ ಅದನ್ನು ರಸ್ತೆಬದಿಯ ಹೊಂಗೆ ಸಸಿಗಳಿಗೆ ಹೊಯ್ದರು.

ಇಷ್ಟು ಹೇಳಿದ ಮೇಲೆ, ಅರ್ಥಶಾಸ್ತ್ರ ಓದಿದವನಾಗಿ ಜಲಪಾತದ ಪರವಾಗಿಯೂ ಎರಡು ಮಾತು ಹೇಳಬೇಕು. ಸೋರದ ತೊಟ್ಟಿಯಲ್ಲಿ ಸುತ್ತುವ ನೀರು ಖರ್ಚಾಗುವುದು ಮುಖ್ಯವಾಗಿ ಆವಿಯಿಂದ. ನಮ್ಮ ಒಣ ಹವೆಯಲ್ಲಿ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಹಿಡಿದರೆ, ಒಂದು ಚದರ ಮೀಟರಿಗೆ ಐದಾರು ಲೀಟರ್. ನಮ್ಮ ಕೊಳದ ಹರವು ಹದಿನೇಳು ಚದರ ಮೀಟರಿಗೂ ಕಡಿಮೆ. ಎಂದರೆ ನೂರು ಲೀಟರ್. ಸಿಡಿಯುವ ಹನಿಗಳನ್ನು ಸೇರಿಸಿ ಇದರ ಎರಡರಷ್ಟು ಎಂದುಕೊಳ್ಳೋಣ. ಅದೇ ಪ್ರದರ್ಶನದ ಸುತ್ತ ಕಾಲು ಎಕರೆ ಹುಲ್ಲುಹಾಸಿತ್ತು. ಸಾವಿರ ಚದರ ಮೀಟರ್ ಹುಲ್ಲನ್ನು ಬೇಸಿಗೆಯ ಹೊತ್ತಿನಲ್ಲಿ ಹಸಿರಾಗಿಡಲು ದಿನಕ್ಕೆ ಸುಮಾರು ಐದು ಸಾವಿರ ಲೀಟರ್ ಬೇಕು. ಜನ ಕೋಪಿಸಿಕೊಳ್ಳುವುದು ಕಾರಂಜಿಯ ಮೇಲೆ, ನೀರು ಕುಡಿಯುವುದು ಹುಲ್ಲು. ಹುಲ್ಲು ಸದ್ದು ಮಾಡುವುದಿಲ್ಲ, ಅದಕ್ಕೇ ಅದು ಪಾರಾಗುತ್ತದೆ.

ಕಾರಂಜಿಯ ನಿಜವಾದ ಖರ್ಚು ವಿದ್ಯುತ್ತು. ಐದು ಅಶ್ವಶಕ್ತಿಯ ಪಂಪು ಹನ್ನೆರಡು ಗಂಟೆ ಓಡಿದರೆ ಸುಮಾರು 45 ಯೂನಿಟ್. ಆ ದಿನಗಳಲ್ಲಿ ಭಾಗ್ಯಜ್ಯೋತಿ ಮನೆಗಳಿಗೆ ಇದ್ದ ಮಿತಿ ತಿಂಗಳಿಗೆ 18 ಯೂನಿಟ್. ಒಂದು ಗುಡಿಸಲು ಎರಡೂವರೆ ತಿಂಗಳು ಉರಿಸುವ ದೀಪವನ್ನು ನಮ್ಮ ಜಲಪಾತ ಒಂದೇ ದಿನದಲ್ಲಿ ಉರಿಸುತ್ತಿತ್ತು. ಆ ಹೆಂಗಸಿನ ಪ್ರಶ್ನೆಗೆ ಸರಿಯಾದ ಉತ್ತರ ಇದಾಗಿತ್ತು. ಅಂದು ನನಗೆ ಅದು ತೋಚಲಿಲ್ಲ.

ಬೆಂಗಳೂರಿಗೆ ಬಂದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ಊರು ತನ್ನ ಕೆರೆಗಳ ನೀರನ್ನೇ ನಂಬಿತ್ತು. ಇಂದು ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಐನೂರು ಮೀಟರ್ ಎತ್ತರಕ್ಕೆ ಏರಿ ಬರುತ್ತಾಳೆ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಎತ್ತಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 1.36 ಯೂನಿಟ್ ಬೇಕು. ಪಂಪಿನ ನಷ್ಟ ಸೇರಿದರೆ ಎರಡು ಯೂನಿಟ್ಟಿನ ಹತ್ತಿರ ಹೋಗುತ್ತದೆ. 2014ರಿಂದ 2025ರ ದರ ಪರಿಷ್ಕರಣೆಯವರೆಗೆ ಮನೆಬಳಕೆಯ ಮೊದಲ ಹಂತಕ್ಕೆ ಅದೇ ಸಾವಿರ ಲೀಟರಿಗೆ ಇದ್ದ ದರ ಏಳು ರೂಪಾಯಿ. ವಿದ್ಯುತ್ ಬಿಲ್ಲನ್ನು ಬಲ್ಲ ಓದುಗರು ಗುಣಿಸಿ ನೋಡಬಹುದು. ಅಗ್ಗದ ನೀರಿಗೆ ಅಗ್ಗದ ಬಳಕೆ.

2024ರ ಮಾರ್ಚಿನಲ್ಲಿ ಅಂತರ್ಜಲ ಬತ್ತಿ ನಗರ ತತ್ತರಿಸಿದಾಗ, ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಜಲಮಂಡಳಿ ಆಜ್ಞೆ ಹೊರಡಿಸಿ ಐದು ಸಾವಿರ ರೂಪಾಯಿ ದಂಡ ವಿಧಿಸಿತು. ಕಾರಂಜಿಯನ್ನು ಆ ಪಟ್ಟಿಗೆ ಸೇರಿಸಿದ್ದರಿಂದ ಉಳಿದ ನೀರು ಬಹಳವೇನಿರಲಾರದು. ನನ್ನ ಕೆಲವು ಸ್ನೇಹಿತರು ಅದನ್ನು ಬರಿಯ ತೋರಿಕೆಯೆಂದು ಟೀಕಿಸಿದರು. ನಾನು ಒಪ್ಪಲಿಲ್ಲ. ಕೊಡ ಹಿಡಿದು ಸಾಲಿನಲ್ಲಿ ನಿಂತವರ ಮುಂದೆ ನೀರು ಕುಣಿಸುವುದು ಲೀಟರಿನ ಲೆಕ್ಕಕ್ಕೆ ಸಿಗುವ ವಿಷಯವಲ್ಲ. ಆಡಳಿತ ನಡೆಸಿದವರಿಗೆ ಇದು ಗೊತ್ತಿರಬೇಕು, ನನಗೆ ತಡವಾಗಿ ಗೊತ್ತಾಯಿತು.

ಹಾಗೆಂದು ಪ್ರದರ್ಶನಗಳಿಂದ ನೀರನ್ನು ಹೊರಹಾಕಿ ಎಂದು ನಾನು ಹೇಳುತ್ತಿಲ್ಲ. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳಲ್ಲಿ ಕೊಳಚೆ ನೀರನ್ನು ಶುದ್ಧೀಕರಿಸಿ ಗಿಡಗಳಿಗೆ ಬಳಸುವ ಘಟಕಗಳಿವೆ. ಜಿಲ್ಲೆಗಳ ಪ್ರದರ್ಶನಕ್ಕೂ ಅಂಥ ನೀರು ಏಕೆ ಬರಬಾರದು? ಕೊಳದ ಪಕ್ಕ ಒಂದು ಫಲಕ ನಿಲ್ಲಿಸಿ ಈ ನೀರು ಎಲ್ಲಿಂದ ಬಂತು, ಎಷ್ಟು, ನಾಳೆ ಎಲ್ಲಿಗೆ ಹೋಗುತ್ತದೆ ಎಂದು ಬರೆದರೆ, ಅತ್ತ ಯಾರೂ ನೋಡದ ಮಳೆನೀರಿನ ಮಾದರಿಗಿಂತ ಹೆಚ್ಚು ಜನ ಓದುತ್ತಾರೆ. ಹದಿನೈದು ಅಡಿಯ ಸಿಮೆಂಟು ಬಂಡೆಯೇ ಬೇಕೆಂದೂ ಇಲ್ಲ. ಹಳೆಯ ಕಲ್ಲಿನ ಬಾನಿಯೊಂದರಲ್ಲಿ ಎರಡು ತಾವರೆ ಬಿಟ್ಟರೆ ಮಕ್ಕಳು ಅಲ್ಲೂ ಬಗ್ಗಿ ನೋಡುತ್ತಾರೆ. ಆದರೆ ಅದಕ್ಕೆ ದೊಡ್ಡ ಅಂದಾಜುಪಟ್ಟಿ ಬೇಕಾಗುವುದಿಲ್ಲ. ಅದೇ ಅದರ ತೊಡಕಿರಬಹುದು.

ಈ ಬಾರಿಯ ಪ್ರದರ್ಶನದಲ್ಲಿ, ಮೊಮ್ಮಗಳು ದೀಪದ ಬಣ್ಣ ಬದಲಾಗುವುದನ್ನು ಎಣಿಸುತ್ತ ನಿಂತಿದ್ದಾಗ, ತೋಟದ ಕೆಲಸಗಾರರೊಬ್ಬರನ್ನು ಕರೆದು ನೀರಿಗೆ ಬಣ್ಣ ಹಾಕಿದ್ದೀರಾ ಎಂದು ಕೇಳಿದೆ.

"ಇಲ್ಲ ಸರ್, ತಳಕ್ಕೆ ನೀಲಿ ಟೈಲ್ಸ್ ಹಾಕಿದ್ದೀವಿ. ಹಂಗೆ ಕಾಣ್ತದೆ ಅಷ್ಟೆ."

"ಮುಗಿದ ಮೇಲೆ ಈ ನೀರು?"

"ನರ್ಸರಿಗೆ ಪೈಪ್ ಹಾಕ್ಕೊಂಡು ಬಿಡ್ತೀವಿ ಸರ್. ಸಪೋಟ ಸಸಿ ಅವೆ ಅಲ್ಲಿ."

ತೊಟ್ಟಿಯ ಸುತ್ತ ಒಮ್ಮೆ ನಡೆದು ನೆಲವನ್ನು ನೋಡಿದೆ. ಒಣಗಿತ್ತು. ಅಜ್ಜ ಏನು ಹುಡುಕುತ್ತಿದ್ದಾನೆಂದು ಮೊಮ್ಮಗಳೂ ಬಗ್ಗಿ ನೋಡಿದಳು.